ಶಾಲಾ ಪ್ರವಾಸದ ಪ್ರಬಂಧ ಯಾರಿಗಾಗಿ?

‘ನಾವು ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹತ್ತಿದೆವು. ದಾರಿಯಲ್ಲಿ ಹಾಡು ಹೇಳಿದೆವು. ಅಲ್ಲಿ ಹುಲಿ, ಸಿಂಹ, ಆನೆ ನೋಡಿದೆವು. ನಮಗೆ ತುಂಬಾ ಸಂತೋಷವಾಯಿತು.’

ಈ ನಾಲ್ಕು ವಾಕ್ಯ ಬರೆಯದೆ ಪ್ರೈಮರಿ ಸ್ಕೂಲು ದಾಟಿದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ನಾನಂತೂ ಬರೆದಿದ್ದೇನೆ. ಬೋರ್ಡಿನ ಮೇಲಿದ್ದದ್ದನ್ನು ನೋಡಿಕೊಂಡು ಕ್ಲಾಸಿನ ಎಲ್ಲರೂ ಅದನ್ನೇ ಬರೆದಿದ್ದೆವು!

ಅಂಜನಾಪುರದ ಮಕ್ಕಳು ಒಂದು ರೀತಿಯಲ್ಲಿ ಅದೃಷ್ಟವಂತರು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟ ಪಕ್ಕದಲ್ಲೇ ಇದೆ. ಅಲ್ಲಿಯ ಚಿಟ್ಟೆ ಉದ್ಯಾನ 2006ರದ್ದು. ಬಸ್ಸಿನಲ್ಲಿ ಊರೊಳಗೆ ಹೋದರೆ 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಮ್ಯೂಸಿಯಂ, 1989ರ ತಾರಾಲಯ. ನೋಡುವ ಜಾಗಗಳಿಗೆ ಬರವಿಲ್ಲ. ಆದರೆ ನೋಡಿ ಬಂದದ್ದನ್ನು ಮಗು ಯಾರಿಗೆ ಹೇಳಬೇಕು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ ಅಂತ ಕೆಲವು ವಾರಾಂತ್ಯ ಕೂತು ಓದಿದ ಮೇಲೆ ಗೊತ್ತಾಯಿತು.

ಈ ಕಥೆಯ ದೊಡ್ಡ ಹೆಸರು ಫ್ರಾನ್ಸಿನ ಸೆಲೆಸ್ಟಾಂ ಫ್ರೆನೆ (1896-1966) ಎಂಬ ಹಳ್ಳಿ ಮೇಷ್ಟ್ರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಹೆಚ್ಚು ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ಉಪನ್ಯಾಸ ಕೊಡಲಾಗದ ಮೇಷ್ಟ್ರು ಏನು ಮಾಡಬೇಕು? ಮಕ್ಕಳನ್ನು ಊರು ಸುತ್ತಿಸಲು ಕರೆದುಕೊಂಡು ಹೋದರು! ನೇಯ್ಗೆಯವರನ್ನು, ಬಡಗಿಯನ್ನು, ಹೊಲವನ್ನು ನೋಡಿ ಬಂದು ಮಕ್ಕಳು ತಮ್ಮ ಮಾತಿನಲ್ಲೇ ಬರೆಯುತ್ತಿದ್ದರು. 1924ರಲ್ಲಿ ಫ್ರೆನೆ ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳೇ ಅಚ್ಚಿನ ಮೊಳೆ ಜೋಡಿಸಿ ತಮ್ಮ ಬರಹ ಮುದ್ರಿಸತೊಡಗಿದರು. 1926ರ ಹೊತ್ತಿಗೆ ಆ ಹಾಳೆಗಳು ದೇಶದ ಇನ್ನೊಂದು ತುದಿಯಲ್ಲಿದ್ದ ಬ್ರಿಟನಿಯ ಕಡಲ ತೀರದ ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು, ಅಲ್ಲಿಯ ಮಕ್ಕಳ ಹಾಳೆಗಳು ಇಲ್ಲಿಗೆ ಬರುತ್ತಿದ್ದವು.

ಗುಟ್ಟು ಇರುವುದು ಇಲ್ಲಿಯೇ ಅನ್ನಿಸುತ್ತದೆ ನನಗೆ. ಮೇಷ್ಟ್ರಿಗೆ ಬರೆಯುವಾಗ ‘ಆನೆ ನೋಡಿದೆವು’ ಅಂದರೆ ಸಾಕು, ಅವರೂ ಜೊತೆಗೇ ಬಂದಿದ್ದರಲ್ಲ. ನೋಡದವನಿಗೆ ಬರೆಯುವಾಗ ಆನೆ ಕಿವಿ ಹೇಗೆ ಬೀಸುತ್ತಿತ್ತು, ಹತ್ತಿರ ಹೋದಾಗ ಎಂಥ ವಾಸನೆ ಬಂತು ಅಂತ ಹೇಳಲೇಬೇಕು. ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಓದುವವನು ಯಾರು ಅಂತ ತಿಳಿಯದಿದ್ದರೆ ಬರವಣಿಗೆ ಸತ್ತಂತೆಯೇ.

ಹಾಗಾದರೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲವೇ? ಖಂಡಿತ ಯೋಚಿಸಿದ್ದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯಲ್ಲಿ ಹೊಸ ಪ್ರಯೋಗಗಳಿಗೆ ಇಳಿದಿದ್ದರು. 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದು ಜಗತ್ತನ್ನೇ ಮಕ್ಕಳ ಮುಂದಿಟ್ಟರು. ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮ ಸ್ವಾತಂತ್ರ್ಯಕ್ಕೂ ಮೊದಲೇ ಮಕ್ಕಳ ಕೂಟ ಕಟ್ಟಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಇವತ್ತಿಗೂ ಉಳಿದಿದೆ. 2001-02ರಲ್ಲಿ ಸರ್ಕಾರ ಶುರುಮಾಡಿದ ಪ್ರತಿಭಾ ಕಾರಂಜಿಯಂತೂ ಕಂಠಪಾಠ, ಜಾನಪದ ಗೀತೆ, ಛದ್ಮವೇಷ, ಮಣ್ಣಿನ ಮಾದರಿ ಅಂತ ಹಳ್ಳಿ ಹಳ್ಳಿಯ ಮಕ್ಕಳನ್ನು ವೇದಿಕೆ ಹತ್ತಿಸಿತು.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಕೆಲವು ಶಿಕ್ಷಕರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ವಾಪಸು ಬಂದವರು ಸುಮ್ಮನೆ ಕೂರಲಿಲ್ಲ. ಯುನಿಸೆಫ್ ನೆರವಿನಿಂದ ಕಲಿಕೆಯ ಕಾರ್ಡುಗಳನ್ನು ತಾವೇ ತಯಾರಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು-ಎರಡನೇ ತರಗತಿಗೆ ಅದು ಬಂತು. ಯೋಚಿಸಿ ನೋಡಿ, ಇದೂ ಒಂದು ಶಾಲಾ ಪ್ರವಾಸವೇ, ಮೇಷ್ಟ್ರುಗಳದ್ದು! ನೋಡಿದ್ದನ್ನು ಹಂಚಿಕೊಂಡಿದ್ದರಿಂದ ರಾಜ್ಯದ ತರಗತಿಗಳೇ ಬದಲಾದವು.

ಆದರೆ ಒಂದು ಕೊರತೆ ಉಳಿದೇಹೋಯಿತು. ಮಗುವಿಗೆ ಪುಸ್ತಕ ಕೊಟ್ಟೆವು, ವೇದಿಕೆ ಕೊಟ್ಟೆವು, ಬಹುಮಾನವನ್ನೂ ಕೊಟ್ಟೆವು. ತಾನು ಕಂಡದ್ದನ್ನು ತನ್ನ ಮಾತಿನಲ್ಲೇ ಹೇಳಲು ಬೇರೆ ಊರಿನ ಇನ್ನೊಂದು ಮಗುವನ್ನು ಮಾತ್ರ ಕೊಡಲಿಲ್ಲ. ಆಸಕ್ತಿಯಿರುವ ಶಿಕ್ಷಕರು ಗೋಡೆ ಪತ್ರಿಕೆ, ಕೈಬರಹ ಪತ್ರಿಕೆ ಮಾಡಿಸುತ್ತಾರೆ, ನಿಜ. ಅವರಿಗೆ ವರ್ಗವಾದ ಮೇಲೆ ಪತ್ರಿಕೆ ನಿಲ್ಲುತ್ತದೆ, ಹಾಳೆಗಳು ರದ್ದಿಗೆ ಹೋಗುತ್ತವೆ.

ಹೋಗಲಿ ಬಿಡಿ, ಮಕ್ಕಳ ಗೀಚು ತಾನೇ ಅನ್ನಬಹುದು. ನಾನು ಒಪ್ಪುವುದಿಲ್ಲ. ಅಂಜನಾಪುರದಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಅಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನ, ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪಿಗೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮೊದಲೇ ‘ಬೆಂಗಳೂರು’ ಎಂಬ ಹೆಸರಿತ್ತು ಅಂತ ಆ ಕಲ್ಲು ಹೇಳುತ್ತದೆ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು ಅಂತ ಊರಿನ ಹೆಸರಿಗೆ ನಾವು ಹೇಳುವ ಕಥೆ ಇದೆಯಲ್ಲ, ಆ ರಾಜ ಪಟ್ಟಕ್ಕೆ ಬಂದಿದ್ದೇ 1173ರಲ್ಲಿ. ಕಲ್ಲನ್ನು ಕಣ್ಣಾರೆ ಕಂಡ ಐದನೇ ಕ್ಲಾಸಿನ ಹುಡುಗಿ ಒಂದು ಕಳೆಯುವ ಲೆಕ್ಕ ಮಾಡಿ ‘ಈ ಕಥೆ ಸರಿಯಿಲ್ಲ ಮಿಸ್’ ಅಂತ ಬರೆದರೆ, ಅದಕ್ಕಿಂತ ಒಳ್ಳೆಯ ಚರಿತ್ರೆ ಪಾಠ ಇನ್ನೇನಿದೆ?

ಆ ಶಾಸನ ಕೂಡ ಯಾರೋ ಕಂಡದ್ದನ್ನು ಕಾಣದವರಿಗಾಗಿ ಬರೆದಿಟ್ಟಿದ್ದೇ ಅಲ್ಲವೇ? ನಮ್ಮ ಅಂಜನಾಪುರದ ಬಗ್ಗೆ ಯಾರು ಬರೆದಿಟ್ಟಿದ್ದಾರೆ? ಹಳ್ಳಿಗಳ ಹೊಲಗಳ ಮೇಲೆ ಬಿಡಿಎ ಬಡಾವಣೆ ಬಂತು, ಬ್ಲಾಕ್ ನಂಬರುಗಳು ಬಂದವು, 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ ಮೆಟ್ರೋ ಬಂತು. ಕೆರೆ ಏರಿಯ ಮೇಲೆ ಯಾವ ಮರವಿತ್ತು, ನೀರಿಗೆ ಯಾವ ಹಕ್ಕಿ ಬರುತ್ತಿತ್ತು, ಹಳೆಯ ದಾರಿ ಎಲ್ಲಿತ್ತು ಎಂಬುದು ಬಿಡಿಎ ನಕ್ಷೆಯಲ್ಲಿ ಸಿಗುವುದಿಲ್ಲ. ಮೂರನೇ ಕ್ಲಾಸಿನವರು ಕೆರೆಗೆ ಹೋಗಿ, ಅಲ್ಲಿಯ ಅಜ್ಜಿಯೊಬ್ಬರನ್ನು ಮಾತಾಡಿಸಿ, ಒಂದು ನಕ್ಷೆ ಬರೆದು ಹೆಗ್ಗಡದೇವನಕೋಟೆಯ ಒಂದು ಶಾಲೆಗೆ ಕಳಿಸಿದರೆ ಸಿಗುತ್ತದೆ. ಅಲ್ಲಿಯವರು ಕಬಿನಿಯ ಬಗ್ಗೆ ಬರೆಯಲಿ, ಇವರು ಮೆಟ್ರೋ ಬಗ್ಗೆ ಬರೆಯಲಿ. ಈಗ ಮೊಳೆ ಜೋಡಿಸುವ ಕಷ್ಟವೂ ಇಲ್ಲ, ಒಂದು ಫೋನು ಸಾಕು. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಬೋರ್ಡಿನಿಂದ ಇಳಿಸಿದ್ದು ಮಾತ್ರ ಬೇಡ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕೈಬರಹ ಪತ್ರಿಕೆಯೋ, ಅಣ್ಣ-ಅಕ್ಕಂದಿರ ಪ್ರವಾಸದ ನೋಟ್‌ಬುಕ್ಕೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಊರಿನ ಬಗ್ಗೆ ಬೇರೆಲ್ಲೂ ಸಿಗದ ಒಂದು ಸಾಲು ಅದರಲ್ಲಿರಬಹುದು. ಏನಂತೀರಾ?