ಆಫ್ರಿಕನ್ ಗ್ರೇ ಗಿಳಿ ಸಾಕ್ತೀರಾ? ಮೊದಲು ಕಾಗದ ನೋಡಿ, ಆಮೇಲೆ ಪಂಜರ ತನ್ನಿ

ಬೆಳಗಾವಿ/ಖಾನಾಪುರ: ಅಂಗಡಿ ಮುಂದೆ ತೂಗುಹಾಕಿದ ತಂತಿ ಪಂಜರ, ಒಳಗೊಂದು ಹಸಿರು ಗಿಳಿ, ಹೋಗೋ ಬರೋ ಗಿರಾಕಿಗಳೆಲ್ಲ ‘ಮಿಠ್ಠೂ ಮಿಠ್ಠೂ’ ಅಂತ ಮಾತಾಡಿಸೋದು. ನಮ್ಮ ಕಡೆ ಇದು ಹಳೇ ನೋಟ. ಈಗ ಮೊಬೈಲ್‌ನಲ್ಲಿ ಮಾತಾಡೋ ಬೂದು ಗಿಳಿಯ ವಿಡಿಯೋ ನೋಡಿದವರಿಗೆ ಅದೇ ಬೇಕು ಅನ್ನೋ ಆಸೆ. ಹೆಸರು ಆಫ್ರಿಕನ್ ಗ್ರೇ. ಬೆಲೆ ಹತ್ತಾರು ಸಾವಿರ.

ಬಹಳ ಮಂದಿ ತಿಳಿದುಕೊಂಡಿರೋದು ಏನಂದ್ರೆ, ಊರಿನ ಹಸಿರು ಗಿಳಿ ಸಾಕಿದರೆ ಯಾರೂ ಕೇಳೋದಿಲ್ಲ, ಪರದೇಶದ ಹಕ್ಕಿ ಇಟ್ಟರೆ ಕೇಸ್ ಆಗುತ್ತೆ ಅಂತ. ಕಾನೂನು ಹೆಚ್ಚುಕಡಿಮೆ ಇದರ ಉಲ್ಟಾ ಇದೆ. ಕೊರಳಲ್ಲಿ ಗುಲಾಬಿ ಪಟ್ಟಿ ಇರೋ ನಮ್ಮ ಹಸಿರು ಗಿಳಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಹಿಡಿಯೋದು, ಮಾರೋದು, ಮನೆಯಲ್ಲಿ ಇಟ್ಟುಕೊಳ್ಳೋದು ಮೂರೂ ಅಪರಾಧ. 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಅಜ್ಜನ ಕಾಲದಿಂದ ಸಾಕ್ತಾ ಇದೀವಿ’ ಅನ್ನೋದು ಕಾನೂನಿನ ಮುಂದೆ ನಡೆಯೋದಿಲ್ಲ.

ಬೂದು ಗಿಳಿಯನ್ನು ಸಾಕಬಹುದು. ಆದರೆ ಕಾಗದ ಇರಲೇಬೇಕು.

ಕಾಗದ ಅಂದ್ರೆ ಯಾವುದು?

ಈ ಹಕ್ಕಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡಿನದು. ಸಾಕೋ ಆಸೆಗಾಗಿಯೇ ಲಕ್ಷಗಟ್ಟಲೆ ಹಕ್ಕಿಗಳನ್ನು ಕಾಡಿನಿಂದ ಹಿಡಿದರು. ಘಾನಾ ದೇಶದಲ್ಲಿ 1990ರ ದಶಕದಿಂದೀಚೆಗೆ ಶೇ. 90ಕ್ಕೂ ಹೆಚ್ಚು ಖಾಲಿಯಾದವು ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ವರ್ಷ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನಲ್ಲಿ 2017ರ ಜನವರಿಯಿಂದ ಇದು ಒಂದನೇ ಪಟ್ಟಿಯಲ್ಲಿದೆ. ಅಂದ್ರೆ ಕಾಡಿನ ಹಕ್ಕಿಯನ್ನು ಹಿಡಿದು ದೇಶದಿಂದ ದೇಶಕ್ಕೆ ಮಾರೋ ಹಾಗಿಲ್ಲ.

ನಮ್ಮ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿ. ಸೈಟೀಸ್ ಪಟ್ಟಿಯ ಪ್ರಾಣಿ-ಪಕ್ಷಿಗಳು 4ನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯ ನಿಯಮದ ಪ್ರಕಾರ ಆಗಲೇ ಹಕ್ಕಿ ಇದ್ದವರು 6 ತಿಂಗಳೊಳಗೆ ನೋಂದಾಯಿಸಬೇಕಿತ್ತು. ಆಮೇಲೆ ತಂದವರಿಗೆ ಕೈಗೆ ಬಂದ 30 ದಿನದೊಳಗೆ ಅಂತ ಗಡುವು. ಅರ್ಜಿ ಹಾಕೋದು ಕೇಂದ್ರದ ‘ಪರಿವೇಶ್ 2.0’ ಪೋರ್ಟಲ್‌ನಲ್ಲಿ, ಅದು ಹೋಗೋದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಹಕ್ಕಿ ಬೇರೆಯವರಿಗೆ ಕೊಟ್ಟರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಮರಿ ಮಾಡಿಸಿ ಮಾರೋರಿಗೆ ಬ್ರೀಡರ್ ಲೈಸೆನ್ಸ್ ಬೇರೆ ಬೇಕು.

ಹಾಗಾಗಿ ಕೊಳ್ಳೋ ಮುಂಚೆ ಮಾರೋರ ಹತ್ತಿರ ಲೈಸೆನ್ಸ್ ಮತ್ತು ಹಕ್ಕಿಯ ನೋಂದಣಿ ಪತ್ರ ಕೇಳಿ. ಬಿಲ್ ತಗೊಳ್ಳಿ. ಕಾಲಿನ ಉಂಗುರದ ನಂಬರ್ ಕಾಗದಕ್ಕೆ ಹೊಂದುತ್ತಾ ನೋಡಿ. ಕೂಡಿಸೋಕೆ ಬಾಯಿಲ್ಲದ ಉಂಗುರವನ್ನು ಮರಿ ಸಣ್ಣದಿದ್ದಾಗಲೇ ಹಾಕಬೇಕು, ದೊಡ್ಡ ಹಕ್ಕಿಗೆ ಹಾಕೋಕೆ ಬರೋದಿಲ್ಲ. ‘ಕಾಗದ ಆಮೇಲೆ ಕಳಿಸ್ತೀನಿ, ಮೊದಲು ಅಡ್ವಾನ್ಸ್ ಹಾಕಿ’ ಅನ್ನೋರ ಹತ್ತಿರ ಹೋಗಲೇಬೇಡಿ. ಫೋಟೋ ನೋಡಿ ದುಡ್ಡು ಹಾಕಿದರೆ ಹಕ್ಕಿಯೂ ಇಲ್ಲ, ದುಡ್ಡೂ ಇಲ್ಲ.

ಗಡುವು ಮುಗಿದರೂ ನೋಂದಣಿ ಮಾಡಿಸದೆ ಹಕ್ಕಿ ಇಟ್ಟುಕೊಂಡವರು ಮುಚ್ಚಿಟ್ಟಷ್ಟೂ ತೊಂದರೆ ಜಾಸ್ತಿ. ಬೆಳಗಾವಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳೋದು ಒಳ್ಳೇದು. ಖಾನಾಪುರದವರು ಅಲ್ಲಿನ ಅರಣ್ಯ ಕಚೇರಿಯಲ್ಲೇ ಮೊದಲು ವಿಚಾರಿಸಬಹುದು.

ಖಾನಾಪುರದ ಗಿಳಿ ಬೇರೆ

ಖಾನಾಪುರ ತಾಲೂಕಿನವರಿಗೆ ಇನ್ನೊಂದು ಮಾತು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ ಮತ್ತು ಸುತ್ತಲಿನ ಕಾಡಿನಲ್ಲಿ ಮಲಬಾರ್ ಗಿಳಿ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇದರ ತಲೆ, ಎದೆ ಬೂದು ಬಣ್ಣ, ರೆಕ್ಕೆ ನೀಲಿ. ಬೂದು ಅಂದ ತಕ್ಷಣ ‘ಗ್ರೇ’ ಅಂತ ಮೋಸ ಹೋಗಬೇಡಿ. ಮಲಬಾರ್ ಗಿಳಿಗೆ ಉದ್ದ ಬಾಲ, ಬಾಲದ ತುದಿ ಹಳದಿ. ಆಫ್ರಿಕನ್ ಗ್ರೇ ಇದಕ್ಕಿಂತ ದಪ್ಪ, ಸುಮಾರು 33 ಸೆಂ.ಮೀ. ಉದ್ದ, ಕೊಕ್ಕು ಕಪ್ಪು, ಕಣ್ಣಿನ ಸುತ್ತ ಬಿಳಿ ಚರ್ಮ, ಬಾಲ ಗಿಡ್ಡ ಮತ್ತು ಕೆಂಪು.

ಮಲಬಾರ್ ಗಿಳಿ ಚಳಿಗಾಲ ಮುಗಿಯೋ ಹೊತ್ತಿಗೆ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತೆ. ಪೊಟರೆಗೆ ಕೈ ಹಾಕಿ ಮರಿ ತೆಗೆದರೆ ಆ ವರ್ಷದ ಸಂತಾನ ಹೋಯ್ತು. ಪೊಟರೆ ಒಡೆದರೆ ಮುಂದಿನ ವರ್ಷದ್ದೂ ಹೋಯ್ತು. ಮನೆಯಲ್ಲಿ ಈಗಾಗಲೇ ಊರಿನ ಗಿಳಿ ಇದ್ದರೆ ಹೆದರಿ ಹಾರಿಬಿಡಬೇಡಿ. ಪಂಜರದಲ್ಲಿ ಬೆಳೆದದ್ದು ಹೊರಗೆ ಎರಡು ದಿನ ಬದುಕೋದು ಕಷ್ಟ, ಕಾಗೆ-ಬೆಕ್ಕಿಗೆ ತುತ್ತಾಗುತ್ತೆ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

40 ವರ್ಷದ ಕೆಲಸ

ಚೆನ್ನಾಗಿ ನೋಡಿಕೊಂಡರೆ ಬೂದು ಗಿಳಿ 40ರಿಂದ 60 ವರ್ಷ ಬದುಕುತ್ತೆ. 45ರ ವಯಸ್ಸಿನಲ್ಲಿ ತಂದವರು ಮುಂದೆ ಯಾರು ನೋಡ್ತಾರೆ ಅಂತ ಮನೆಯಲ್ಲಿ ಇವತ್ತೇ ಮಾತಾಡಬೇಕು.

ಬುದ್ಧಿಯೂ ಹಾಗೇ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಕಲಿಸಿದ ‘ಅಲೆಕ್ಸ್’ ಅನ್ನೋ ಬೂದು ಗಿಳಿ ನೂರರಷ್ಟು ಪದ ಬಳಸ್ತಿತ್ತು, ಬಣ್ಣ, ಆಕಾರ ಗುರುತಿಸಿ ಹೇಳ್ತಿತ್ತು. ಅದು 2007ರಲ್ಲಿ 31ನೇ ವಯಸ್ಸಿಗೆ ಸತ್ತಿತು. ಇಂಥ ಹಕ್ಕಿಯನ್ನು ದಿನವಿಡೀ ಒಂಟಿ ಬಿಟ್ಟರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತೆ, ಎದೆ ಬೋಳಾಗುತ್ತೆ. ದಿನಕ್ಕೆ ಎರಡು-ಮೂರು ತಾಸಾದರೂ ಪಂಜರದಿಂದ ಹೊರಗೆ, ಮನೆ ಮಂದಿ ನಡುವೆ ಇರಬೇಕು. ಕಡಿಯೋಕೆ ಮೆತ್ತನೆ ಕಟ್ಟಿಗೆ, ತೆಂಗಿನ ನಾರು, ರಟ್ಟಿನ ಡಬ್ಬಿ ಕೊಡಿ. ಮಾತು ಬರೋಕೆ ಒಂದು ವರ್ಷವೂ ಆಗಬಹುದು, ಕೆಲವು ಮಾತಾಡೋದೇ ಇಲ್ಲ. ಕಲಿತರೆ ಬೆಳಗಾವಿ ಹಕ್ಕಿ ಕನ್ನಡ, ಮರಾಠಿ, ಹಿಂದಿ ಮೂರೂ ಕಲಿಯುತ್ತೆ, ಬೈಗುಳ ಸಮೇತ. ಅಂಗಡಿಯವರು ಇದನ್ನು ನೆನಪಿಡಬೇಕು.

ಪಂಜರ ಕನಿಷ್ಠ ಎರಡು ಅಡಿ ಅಗಲ, ಎರಡು ಅಡಿ ಆಳ, ಮೂರು ಅಡಿ ಎತ್ತರ ಇರಲಿ. ದೊಡ್ಡದಾದಷ್ಟೂ ಒಳ್ಳೇದು. ಅಗ್ಗದ ಜಿಐ ತಂತಿ ಜಾಳಿಗೆ ಬೇಡ. ಅದರ ಸತುವಿನ ಲೇಪ ಕಡಿದು ನುಂಗಿದರೆ ವಿಷವಾಗುತ್ತೆ. ರಸ್ತೆ ಬದಿ ಧೂಳು, ಹೊಗೆಯಲ್ಲಿ ತೂಗುಹಾಕೋದೂ ಬೇಡ. ರಾತ್ರಿ 10ರಿಂದ 12 ತಾಸು ಕತ್ತಲು, ನಿದ್ದೆ ಬೇಕು. ಗಣಪತಿ ವಿಸರ್ಜನೆ, ನವೆಂಬರ್ 1ರ ಮೆರವಣಿಗೆ ದಿನ ಡಾಲ್ಬಿ ಸದ್ದು ಹಾದುಹೋಗೋ ರಸ್ತೆಯ ಮನೆಯವರು ಹಕ್ಕಿಯನ್ನು ಒಳಕೋಣೆಗೆ ಒಯ್ದು ಅರ್ಧ ಬಟ್ಟೆ ಮುಚ್ಚಿಡಿ.

ಕಾಳು ಒಂದೇ ಸಾಲದು

ಸೂರ್ಯಕಾಂತಿ ಬೀಜ ತುಂಬಿಟ್ಟರೆ ಮುಗೀತು ಅಂದುಕೊಂಡಲ್ಲೇ ಹೆಚ್ಚಿನವರು ತಪ್ಪೋದು. ಅದರಲ್ಲಿ ಎಣ್ಣೆ ಜಾಸ್ತಿ, ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಬಹಳ ಕಡಿಮೆ. ಬೂದು ಗಿಳಿಗೆ ಕ್ಯಾಲ್ಸಿಯಂ ಕೊರತೆ ಬೇರೆ ಗಿಳಿಗಳಿಗಿಂತ ಬೇಗ ಆಗುತ್ತೆ. ಮೊದಲು ನಿಶ್ಶಕ್ತಿ, ಕೂತ ಕೋಲಿನಿಂದ ಜಾರೋದು, ಆಮೇಲೆ ಫಿಟ್ಸ್. ರಕ್ತದ ಕ್ಯಾಲ್ಸಿಯಂ ನಿಲ್ಲೋಕೆ ಬಿಸಿಲೂ ಬೇಕು. ಖಾನಾಪುರ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ವಾರಗಟ್ಟಲೆ ಸೂರ್ಯ ಕಾಣೋದಿಲ್ಲ. ಈ ತಿಂಗಳುಗಳೇ ಅಪಾಯದ್ದು. ಮಳೆ ಬಿಟ್ಟ ಗಳಿಗೆಯಲ್ಲಿ ಪಂಜರ ಹೊರಗಿಡಿ. ಗಾಜಿನ ಕಿಟಕಿ ಹಿಂದಿನ ಬಿಸಿಲು ಉಪಯೋಗಕ್ಕೆ ಬರೋದಿಲ್ಲ.

ಪೆಲೆಟ್ ಆಹಾರ ಸಿಕ್ಕರೆ ಅದೇ ಮುಖ್ಯ ಊಟ ಆಗಲಿ. ಜೊತೆಗೆ ನಮ್ಮ ಸಂತೆಯಲ್ಲೇ ಎಲ್ಲ ಇದೆ: ನುಗ್ಗೆ ಸೊಪ್ಪು, ಮೆಂತ್ಯ, ಗಜ್ಜರಿ, ಕುಂಬಳಕಾಯಿ, ಪೇರಲ, ಪಪ್ಪಾಯಿ, ದಾಳಿಂಬೆ, ಮೊಳಕೆ ಬಂದ ಹೆಸರು-ಮಡಕಿ, ಹಸಿ ಗೋವಿನಜೋಳ. ಮೆಣಸಿನಕಾಯಿ ಧಾರಾಳ ಕೊಡಿ, ಹಕ್ಕಿಗೆ ಖಾರ ಹತ್ತೋದೇ ಇಲ್ಲ. ಚಹಾ, ಚಾಕೊಲೇಟ್, ಉಳ್ಳಾಗಡ್ಡಿ, ಬೆಣ್ಣೆಹಣ್ಣು, ಉಪ್ಪಿನ ಚಿವಡಾ ಬೇಡ. ಪ್ರೀತಿ ಹೆಚ್ಚಾಗಿ ಕುಂದಾ ತಿನ್ನಿಸೋದೂ ಬೇಡ. ಸ್ನಾನಕ್ಕೆ ಅಗಲ ಬಾಯಿಯ ಖಾನಾಪುರದ ಮಣ್ಣಿನ ಪಾತ್ರೆ ಇಟ್ಟರೆ ಸಾಕು, ತಾನೇ ಇಳಿದು ಮೈ ತೊಳೆಯುತ್ತೆ.

ನಾನ್‌ಸ್ಟಿಕ್ ತವಾ ವಿಪರೀತ ಕಾದರೆ ಬರೋ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತೆ, ನಮಗೆ ವಾಸನೆಯೂ ಬರೋದಿಲ್ಲ. ಅಡುಗೆಮನೆ ಹತ್ತಿರ ಪಂಜರ ಇಡಬೇಡಿ. ಊದಿನಕಡ್ಡಿ, ಸೊಳ್ಳೆ ಬತ್ತಿ, ಪೇಂಟ್ ವಾಸನೆ ಇರೋ ಕೋಣೆಯೂ ಬೇಡ.

ತಕ್ಕಡಿ ಹೇಳುತ್ತೆ

ಗಿಳಿ ಕಾಯಿಲೆ ಮುಚ್ಚಿಡುತ್ತೆ. ಪುಕ್ಕ ಉಬ್ಬಿಸಿ ಪಂಜರದ ತಳಕ್ಕೆ ಕೂತಿದೆ ಅಂದ್ರೆ ಆಗಲೇ ತಡವಾಗಿರುತ್ತೆ. ಹಾಗಾಗಿ ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ದೊಡ್ಡ ಹಕ್ಕಿ 400ರಿಂದ 500 ಗ್ರಾಂ ಇರುತ್ತೆ. 450 ಇದ್ದದ್ದು 405ಕ್ಕೆ ಇಳಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ದನ-ಕುರಿ ನೋಡೋ ಎಲ್ಲ ಡಾಕ್ಟರೂ ಪಂಜರದ ಹಕ್ಕಿ ನೋಡ್ತಾರೆ ಅಂತಿಲ್ಲ. ತರೋ ಮುಂಚೆಯೇ ಯಾರು ನೋಡ್ತಾರೆ ಅಂತ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಈ ಜಾತಿಯ ಮೈಯಿಂದ ಬಿಳಿ ಪುಡಿ ಉದುರುತ್ತೆ, ಮನೆಯಲ್ಲಿ ದಮ್ಮು ಇರೋರಿದ್ದರೆ ಎರಡು ಸಲ ಯೋಚಿಸಿ. ಗಿಳಿಯಿಂದ ಮನುಷ್ಯರಿಗೆ ಸಿಟಕೋಸಿಸ್ ಅನ್ನೋ ಜ್ವರ-ಕೆಮ್ಮಿನ ಸೋಂಕು ಹರಡಬಹುದು. ಪಂಜರ ತೊಳೆಯುವಾಗ ಒಣ ಹಿಕ್ಕೆ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ.

ಇನ್ನು ಹಾರಿಹೋಗೋ ಮಾತು. 2022ರ ಜುಲೈನಲ್ಲಿ ತುಮಕೂರಿನ ಒಂದು ಕುಟುಂಬದ ಬೂದು ಗಿಳಿ ತಪ್ಪಿಸಿಕೊಂಡಿತ್ತು. ಊರೆಲ್ಲ ಪೋಸ್ಟರ್ ಹಚ್ಚಿ 50 ಸಾವಿರ ಬಹುಮಾನ ಘೋಷಿಸಿದರು. ಸಿಕ್ಕ ಮೇಲೆ ಖುಷಿಯಿಂದ 85 ಸಾವಿರ ಕೊಟ್ಟರು. ಎಲ್ಲರಿಗೂ ಅಂಥ ಅದೃಷ್ಟ ಇರೋದಿಲ್ಲ. ಪಂಜರದ ಬಾಗಿಲು ತೆಗೆಯೋ ಮುಂಚೆ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ. ಹಾರಿಹೋದರೆ ಅದು ದಿನಾ ಕೇಳೋ ದನಿಯಲ್ಲೇ ಕೂಗಿ, ಖಾಲಿ ಪಂಜರವನ್ನು ತಿಂಡಿ ಹಾಕಿ ಛಾವಣಿ ಮೇಲಿಡಿ. ಸಂಜೆ ಮತ್ತು ಮರುದಿನ ಬೆಳಗಿನ ಜಾವ ಹತ್ತಿರದ ಮರಗಳಲ್ಲಿ ಹುಡುಕಿ. ಉಂಗುರದ ನಂಬರ್, ನೋಂದಣಿ ಪತ್ರದ ಫೋಟೋ ಮೊಬೈಲ್‌ನಲ್ಲಿ ಇರಲಿ. ಬೇರೆಯವರ ಮನೆಯಲ್ಲಿ ಸಿಕ್ಕಾಗ ‘ಇದು ನಮ್ಮದೇ’ ಅಂತ ತೋರಿಸೋಕೆ ಅದೇ ಬೇಕಾಗೋದು.