ಗಾಂಜಾ ಮತ್ತು ಸರಕಾರದ ತಕ್ಕಡಿ

ಭೀಮಾತೀರದ ಸೀಮೆಗೆ ಸೇರಿದ ಚಡಚಣವು 1956ರ ವರೆಗೆ ಮುಂಬಯಿ ಆಡಳಿತದ ವಿಜಾಪುರ ಜಿಲ್ಲೆಯಲ್ಲಿದ್ದಿತು. ಆದುದರಿಂದ ಅಮಲು ಪದಾರ್ಥಗಳ ವಿಷಯದಲ್ಲಿ ಅಲ್ಲಿ ನಡೆದುದು ಮುಂಬಯಿಯ ಶಾಸನವೇ. 1878ರ ಅಬಕಾರಿ ಕಾಯಿದೆಯು ಗಾಂಜಾ ಭಂಗಿಗಳನ್ನು ನಿಷೇಧಿಸಲಿಲ್ಲ; ಪರವಾನಿಗೆಗೆ ಒಳಪಡಿಸಿತು. ಅಂಗಡಿಯ ತಕ್ಕಡಿಯು ಅಂದು ತೂಗಿದುದು ಸರಕಾರದ ಉತ್ಪನ್ನವನ್ನು.

1893ರಲ್ಲಿ ನೇಮಕವಾದ ಹೆಂಪ್ ಡ್ರಗ್ಸ್ ಕಮಿಶನ್ನು ಮರುವರ್ಷ ವರದಿಯನ್ನೊಪ್ಪಿಸಿ, ಪೂರ್ಣ ನಿಷೇಧವು ಅನಾವಶ್ಯಕವೆಂದೂ, ತೆರಿಗೆಯಿಂದ ಬಳಕೆಯನ್ನು ಮಿತಗೊಳಿಸುವುದೇ ಯುಕ್ತವೆಂದೂ ಹೇಳಿತು. ನಿಷೇಧದಿಂದ ಜನರು ಇನ್ನೂ ಕೆಟ್ಟ ಅಮಲಿಗೆ ತಿರುಗಬಹುದೆಂಬ ಅಳುಕೂ ಅದಕ್ಕಿದ್ದಿತು.

ಸ್ವಾತಂತ್ರ್ಯಾನಂತರ ದೃಷ್ಟಿಯು ಬದಲಾಯಿತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯು ಮದ್ಯದೊಡನೆ ಗಾಂಜಾವನ್ನೂ ಬಿಗಿಹಿಡಿಯಿತು. 1985ರಲ್ಲಿ ಅಖಿಲ ಭಾರತಕ್ಕೆ ಮಾದಕದ್ರವ್ಯಗಳ ಕಾಯಿದೆಯು ಬಂದಿತು. ಒಂದೇ ಗಿಡದ ಹೂತೆನೆಯು ಅಪರಾಧವಾಯಿತು. ಬರಿಯ ಎಲೆಯು ಗಾಂಜಾದ ವ್ಯಾಖ್ಯೆಯಿಂದ ಹೊರಗುಳಿಯಿತು. 2001ರ ತಿದ್ದುಪಡಿಯು ಶಿಕ್ಷೆಯನ್ನು ತೂಕಕ್ಕೆ ಕಟ್ಟಿತು. ಗಾಂಜಾಕ್ಕೆ 1 ಕಿಲೋ ಒಂದು ಮೇರೆ, 20 ಕಿಲೋ ಇನ್ನೊಂದು. ಎರಡನೆಯದನ್ನು ದಾಟಿದವನಿಗೆ ಕನಿಷ್ಠ 10 ವರ್ಷಗಳ ತುರಂಗವಾಸ.

ತಕ್ಕಡಿಯು ಈಗ ತೂಗುವುದು ಮನುಷ್ಯನ ಆಯುಷ್ಯವನ್ನು. ಅದನ್ನು ಹಿಡಿದವನಾದರೋ ಸಣ್ಣ ಸಂಬಳದ ಅಧಿಕಾರಿ. ಬೆಲೆ ಏರಿದಲ್ಲಿ ಆಶೆಯೂ ಏರುವುದು. ಒಂದು ಕಿಲೋ ಕಡಿಮೆ ಬರೆಯುವ ಲೇಖಣಿಗೂ ಬೆಲೆಯುಂಟು, ಹೆಚ್ಚು ಬರೆಯುವೆನೆಂಬ ಬೆದರಿಕೆಗೂ ಬೆಲೆಯುಂಟು. ಶಾಸನಕರ್ತರು ಇದನ್ನರಿಯದವರಲ್ಲ. ವಶವಾದ ಮಾಲಿನ ಯಾದಿಗೆ ಮ್ಯಾಜಿಸ್ಟ್ರೇಟರ ಪ್ರಮಾಣವನ್ನು ವಿಧಿಸಿದರು. ಅಪರಾಧಿಯೊಡನೆ ಕೈಗೂಡಿಸಿದ ಅಧಿಕಾರಿಗೂ ಕಠಿಣ ಶಿಕ್ಷೆಯನ್ನಿಟ್ಟರು. ನಿಷೇಧವಿರಲಿ, ಪರವಾನಿಗೆಯಿರಲಿ, ತೂಕವು ನಾಲ್ಕು ಜನರ ಕಣ್ಣೆದುರಿಗೆ ಆದಾಗಲೇ ಕಾಯಿದೆಗೆ ಮಾನ.