ಆಂಟಿಸೆನ್ಸ್ ತುಣುಕುಗಳು ಮತ್ತು ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು

ಜೀವಕೋಶದಲ್ಲಿ ಪ್ರೋಟೀನ್ ತಯಾರಾಗಲು ಮೊದಲು ಆರ್‌ಎನ್‌ಎ ಎಂಬ ಓಲೆ ಬರಬೇಕು. ಆ ಓಲೆಗೆ ಅಕ್ಷರಕ್ಕೆ ಅಕ್ಷರ ಜೋಡಿಯಾಗಿ ಅಂಟಿಕೊಳ್ಳುವ ಚಿಕ್ಕ ತುಣುಕೇ ಆಂಟಿಸೆನ್ಸ್ ಆಲಿಗೊನ್ಯೂಕ್ಲಿಯೊಟೈಡ್. 1978ರಲ್ಲಿ ಹಾರ್ವರ್ಡ್‌ನ ಪಾಲ್ ಜಾಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ 13 ಅಕ್ಷರಗಳ ಡಿಎನ್‌ಎ ತುಣುಕಿನಿಂದ ರೌಸ್ ಸಾರ್ಕೋಮಾ ವೈರಸ್ಸಿನ ಹೆಚ್ಚಳವನ್ನು ತಡೆದು ತೋರಿಸಿದರು.

ಈ ತುಣುಕು ತಾನಾಗಿ ಏನನ್ನೂ ಕತ್ತರಿಸದು. ಕತ್ತರಿ ಕೋಶದ್ದೇ: ಸ್ಟೈನ್ ಮತ್ತು ಹೌಸೆನ್ 1969ರಲ್ಲಿ ಕರುವಿನ ಥೈಮಸ್ ಗ್ರಂಥಿಯಲ್ಲಿ ಕಂಡ ಕಿಣ್ವ ಆರ್‌ಎನ್‌ಏಸ್ ಎಚ್. ಡಿಎನ್‌ಎ ಮತ್ತು ಆರ್‌ಎನ್‌ಎ ಹೆಣೆದುಕೊಂಡಿರುವಲ್ಲಿ ಅದು ಆರ್‌ಎನ್‌ಎಯನ್ನು ಮಾತ್ರ ತುಂಡರಿಸುತ್ತದೆ. ಬಿಡಿಸಿಕೊಂಡ ಡಿಎನ್‌ಎ ಇನ್ನೊಂದು ಓಲೆಯನ್ನು ಹಿಡಿಯುತ್ತದೆ. ಆದರೆ ಬರಿಯ ಡಿಎನ್‌ಎ ದೇಹದಲ್ಲಿ ಹೆಚ್ಚು ಹೊತ್ತು ಉಳಿಯದು. ತುಣುಕಿನ ಬೆನ್ನೆಲುಬಿನ ಪ್ರತಿ ಕೊಂಡಿಯಲ್ಲೂ ಒಂದು ಆಮ್ಲಜನಕದ ಜಾಗಕ್ಕೆ ಗಂಧಕ ತಂದರೆ ತುಣುಕು ಬಾಳುತ್ತದೆ, ಕಿಣ್ವವೂ ಒಪ್ಪುತ್ತದೆ. 1998ರಲ್ಲಿ ಬಂದ ಮೊದಲ ಆಂಟಿಸೆನ್ಸ್ ಔಷಧಿ ಫೋಮಿವಿರ್ಸೆನ್ ಇಂಥದ್ದು. ಸಕ್ಕರೆಯ ಭಾಗವನ್ನೇ ಬದಲಿಸಿದರೆ ಹಿಡಿತ ಇನ್ನೂ ಬಿಗಿ, ಆದರೆ ಆರ್‌ಎನ್‌ಏಸ್ ಎಚ್ ಹತ್ತಿರ ಬರುವುದಿಲ್ಲ. ಇದಕ್ಕೆ ಸಿಕ್ಕ ಉತ್ತರ ಗ್ಯಾಪ್‌ಮರ್: 20 ಅಕ್ಷರಗಳಲ್ಲಿ ಎರಡು ತುದಿಯ ಐದೈದರ ಸಕ್ಕರೆ ಬದಲಿಸಿ, ಕಿಣ್ವಕ್ಕೆಂದು ನಡುವಿನ ಹತ್ತನ್ನು ಡಿಎನ್‌ಎಯಾಗಿಯೇ ಬಿಡುವುದು. ಈ ವಿದ್ಯೆಯಲ್ಲಿ ಇಷ್ಟು ಚೊಕ್ಕವಾದ ಯೋಚನೆ ಇನ್ನೊಂದಿಲ್ಲ. 2013ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಮಿಪೊಮರ್ಸೆನ್ ಹೀಗೆ ಕಟ್ಟಿದ್ದು.

ದೆಹಲಿಯಲ್ಲಿ ನಡೆದ ಕೆಲಸದ ದಾರಿ ಬೇರೆ. ಜೆಎನ್‌ಯು ಆವರಣದಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯಲ್ಲಿ ಅಖಿಲ್ ಬ್ಯಾನರ್ಜಿಯಾ ಅವರ ತಂಡ ಕತ್ತರಿಯನ್ನು ತುಣುಕಿನೊಳಗೇ ಇಟ್ಟಿತು. ಸ್ಯಾಂಟೊರೊ ಮತ್ತು ಜಾಯ್ಸ್ 1997ರಲ್ಲಿ ಪ್ರಕಟಿಸಿದ 10-23 ಎಂಬ ಡಿಎನ್‌ಎ-ಕಿಣ್ವ, ಮೆಗ್ನೀಸಿಯಂ ಜೊತೆಗಿದ್ದರೆ ಸಾಕು, ಆರ್‌ಎನ್‌ಎಯನ್ನು ತಾನೇ ಕಡಿಯುತ್ತದೆ. ಮರುವರ್ಷವೇ ಆ ತಂಡದ ಗೊಯ್ಲಾ ಮತ್ತು ಬ್ಯಾನರ್ಜಿಯಾ ಅಂಥ ಡಿಎನ್‌ಎ-ಕಿಣ್ವದಿಂದ, ಎಚ್‌ಐವಿ ಕೋಶದೊಳಗೆ ನುಗ್ಗುವ ಬಾಗಿಲಾದ ಸಿಸಿಆರ್5ರ ಆರ್‌ಎನ್‌ಎಯನ್ನು ಕತ್ತರಿಸಿದ್ದನ್ನು ವರದಿ ಮಾಡಿದರು. ಭಾರತದ ಪ್ರಯೋಗಾಲಯವೊಂದು ಹೊಸ ಸಾಧನವನ್ನು ಇಷ್ಟು ಬೇಗ ಕೈಗೆತ್ತಿಕೊಂಡದ್ದು ನೆನಪಿಡಬೇಕಾದ ಸಂಗತಿ.

ಕನ್ನಡ ನೆಲದ ಹೆಸರೂ ಈ ಚರಿತ್ರೆಯಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿದ ಕೃಷ್ಣರಾಜನಗರ ನಾಗಪ್ಪ ಗಣೇಶ್ ಪುಣೆಯಲ್ಲಿ, ಸಕ್ಕರೆಯೂ ಫಾಸ್ಫೇಟೂ ಇಲ್ಲದ ಪಿಎನ್‌ಎ ಎಂಬ ಬದಲಿ ಎಳೆಗೆ ಹೊಸ ರೂಪಗಳನ್ನು ಕೊಟ್ಟರು. 1998ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಪಿಎನ್‌ಎ ಓಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಆರ್‌ಎನ್‌ಏಸ್ ಎಚ್‌ಅನ್ನು ಕರೆತರುವುದಿಲ್ಲ. ಅದರ ಕೆಲಸ ಅಡ್ಡ ನಿಲ್ಲುವುದು.

ಡಿಎನ್‌ಎ-ಕಿಣ್ವ ಯಾವುದೂ ಇನ್ನೂ ಔಷಧಿಯಾಗಿ ಒಪ್ಪಿಗೆ ಪಡೆದಿಲ್ಲ. ಆದರೆ ಗ್ಯಾಪ್‌ಮರ್‌ನ ದಾರಿ ಮುಂದುವರಿದಿದೆ: ನರಗಳ ಕಾಯಿಲೆಯಾದ ಎಎಲ್‌ಎಸ್‌ನ ಒಂದು ಆನುವಂಶಿಕ ಬಗೆಗೆ 2023ರಲ್ಲಿ ಬಂದ ಟೋಫರ್ಸೆನ್, ಅದೇ ಐದು-ಹತ್ತು-ಐದರ ಗ್ಯಾಪ್‌ಮರ್.